ಮಾಸ್ಕಿನ ದಿನಗಳಲ್ಲಿ ಅಕ್ಕ

ಬಸವಾಪಟ್ಟಣದ ನಮ್ಮ ಹಿಟ್ಟಿನ ಗಿರಣಿಯಲ್ಲಿ ಜನ ತಂದ ಕಾಳು ತೂಗುವ ಕೆಲಸ ಅಕ್ಕನದು. ಇಪ್ಪತ್ತರ ಹರೆಯದಿಂದ ಅವಳಿಗೆ ಮನಸ್ಸಿನ ಕಾಯಿಲೆ. ಎಲ್ಲರೂ ತನ್ನನ್ನು ಆಡಿಕೊಳ್ಳುತ್ತಾರೆ, ತನಗೆ ಕೇಡು ಬಗೆಯುತ್ತಾರೆ ಎಂದು ಅನಿಸುವ ಕಾಯಿಲೆ. ಮಾತ್ರೆಯಿಂದ ಅದು ಹದ್ದುಬಸ್ತಿನಲ್ಲಿತ್ತು. ಅನುಮಾನ ಬಂದರೆ ಎದುರಿನವರ ಮುಖ ನೋಡುತ್ತಿದ್ದಳು. ಅವರು ನಕ್ಕರೆ ಸಾಕು, ಸಮಾಧಾನವಾಗುತ್ತಿತ್ತು.

ಕೊರೊನಾ ಬಂದು ಊರಿನವರೆಲ್ಲ ಬಾಯಿ ಮೂಗು ಮುಚ್ಚಿಕೊಂಡ ಮೇಲೆ ಆ ನಗು ಕಾಣದಾಯಿತು.

"ಎಲ್ರೂ ನನ್ ಮ್ಯಾಲೆ ಸಿಟ್ಟಾಗ್ಯಾರೆ, ಕಣ್ಣು ನೋಡಿದ್ರೆ ಗೊತ್ತಾಗತೈತೆ" ಎನ್ನತೊಡಗಿದಳು. ಒಂದು ಬೆಳಿಗ್ಗೆ ಹಿಂದಿನ ಬೀದಿಯ ಹೆಂಗಸೊಬ್ಬರು ರಾಗಿ ತಂದಿದ್ದರು. ಹಿರಿಯರು, ನಾವು ಅವರನ್ನು ಅತ್ತೆ ಎಂದೇ ಕರೆಯುವುದು. ಅಕ್ಕ ಇದ್ದಕ್ಕಿದ್ದಂತೆ ಕೈಚಾಚಿ ಅವರ ಮಾಸ್ಕನ್ನು ಕಿತ್ತೆಳೆದಳು. ಅವರು ಕಿರುಚಿದರು, ಜನ ಸೇರಿದರು. ಅಕ್ಕ ಒಳಗೆ ಓಡಿ ಚೀಲಗಳ ಹಿಂದೆ ಕೂತಳು. ಆಮೇಲೆ ಗಿರಣಿಗೆ ಬರುವುದನ್ನೇ ಬಿಟ್ಟಳು.

ಅವಳನ್ನು ಚನ್ನಗಿರಿಗೆ, ಮಾತ್ರೆ ಬರೆದುಕೊಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರೂ ಮಾಸ್ಕಿನಲ್ಲೇ ಇದ್ದರು. ಅಕ್ಕ ತಲೆ ಎತ್ತಲಿಲ್ಲ. ಅವರು ನಮ್ಮನ್ನು ಹೊರಗಿನ ಬೇವಿನ ಮರದ ಹತ್ತಿರ ಕರೆದೊಯ್ದು, ದೂರ ನಿಂತು, ಮಾಸ್ಕ್ ಕೆಳಗಿಳಿಸಿ ನಕ್ಕರು.

"ಅರ್ಧ ಮುಖ ನೋಡಿ ಮನಸ್ಸು ತಿಳಿಯೋದು ನನಗೂ ಕಷ್ಟಾನೇ ಕಣಮ್ಮ. ಈ ಕಾಯಿಲೆ ಇದ್ದೋರಿಗೆ ಇನ್ನೂ ಕಷ್ಟ. ನಿನ್ನ ತಪ್ಪಲ್ಲ. ಕಾಣದಿದ್ರೆ ಬಾಯಿಬಿಟ್ಟು ಕೇಳು."

ಮಾತ್ರೆಯನ್ನೂ ಸ್ವಲ್ಪ ಬದಲಿಸಿದರು.

ಬಾಯಿಬಿಟ್ಟು ಕೇಳುವುದು ನಮಗೆ ಸುಲಭ. ಇಡೀ ಊರು ತನಗೆ ಎದುರಾಗಿದೆ ಎಂದು ನಂಬಿದವಳಿಗೆ ಅದು ಹಗ್ಗವಿಲ್ಲದೆ ಬಾವಿಗೆ ಇಳಿದಂತೆ. ಆದರೂ ಅಕ್ಕ ಕೆಲವು ದಿನ ಬಿಟ್ಟು, "ನಡಿ, ಅತ್ತೆ ಮನಿಗೆ ಹೋಗಾನ" ಎಂದು ತಾನೇ ಹೊರಟಳು. ಅಂಗಳದಲ್ಲಿ ನಿಂತಳು. ಅತ್ತೆ ಬಾಗಿಲಿಗೆ ಬಂದರು.

"ಅತ್ತೆ, ನನ್ ಮ್ಯಾಲೆ ಸಿಟ್ಟೈತೇನ್ರಿ?"

ಅವರು ಹೇಳಿದರು: "ಸಿಟ್ಟಿಲ್ಲ ಬಿಡವ್ವ. ಅವತ್ತು ಹೆದರಿಕೆ ಆಗಿತ್ತು. ರೋಗ ಬಂದು ಸತ್ತರೆ ಹೆಂಗೆ ಅಂತ ನಿತ್ಯ ಹೆದರಿಕೆನೇ."

"ಹೆದರಿಕೆನಾ? ನಂಗೆ ಸಿಟ್ಟಂತ ಕಂಡಿತ್ತು ನೋಡ್ರಿ" ಎಂದಳು ಅಕ್ಕ. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಳು. ಜನರ ಕಣ್ಣಲ್ಲಿ ಹೆದರಿಕೆಯೂ ಇರಬಹುದು ಎಂಬುದು ಅವಳಿಗೆ ದೊಡ್ಡ ಸುದ್ದಿಯಾಗಿತ್ತು.

ಮರುದಿನವೇ ತಕ್ಕಡಿಯ ಮುಂದೆ ಕೂತಳು. ಬಂದವರನ್ನೆಲ್ಲ ಕೇಳುವಳು: "ನಗ್ತಿದೀರೇನ್ರಿ? ಬ್ಯಾಸರಾಗೈತೇನ್ರಿ? ಸಿಟ್ಟೈತೇನ್ರಿ?" ಕೆಲವರು ಗೇಲಿ ಮಾಡಿದರು. ಅದು ಅವಳಿಗೆ ಗೊತ್ತಾಗುತ್ತಿತ್ತು, ನೋಯುತ್ತಿತ್ತು. ಕೇಳುವುದನ್ನು ಮಾತ್ರ ನಿಲ್ಲಿಸಲಿಲ್ಲ. ಬರಬರುತ್ತ ಜನರೇ ರೂಢಿ ಮಾಡಿಕೊಂಡರು. "ನಗ್ತಿದೀನಿ ಕಣಕ್ಕ" ಎಂದು ಬಾಗಿಲಿನಿಂದಲೇ ಕೂಗುತ್ತ ಒಳಬರುವವರೂ ಇದ್ದರು.

ಒಂದು ದಿನ ಒಬ್ಬ ಗಿರಾಕಿ, "ಹೌದು, ಸಿಟ್ಟು ಬಂದೈತೆ! ಹಿಟ್ಟು ತರಿತರಿ ಮಾಡಿ ಕೊಟ್ಟೀರಿ" ಎಂದು ರೇಗಿದ. ನಾನು ಗಿರಣಿ ನಿಲ್ಲಿಸಿ ಅಕ್ಕನ ಕಡೆ ಓಡಿದೆ. ಅಕ್ಕ ನನ್ನ ಕಡೆ ತಿರುಗಿದಳು, ಮಾಸ್ಕಿನೊಳಗೇ ನಗುತ್ತ: "ಕೇಳಿದೇನೋ? ಅವ್ರಿಗೆ ಸಿಟ್ಟು ಹಿಟ್ಟಿನ ಮ್ಯಾಲಂತೆ, ನನ್ ಮ್ಯಾಲಲ್ಲ. ಇನ್ನೊಮ್ಮೆ ಬೀಸಿ ಕೊಡು."

ಈಗ ಮಾಸ್ಕುಗಳಿಲ್ಲ. ಅಕ್ಕನಿಗೆ ಕೆಟ್ಟ ವಾರಗಳು ಇನ್ನೂ ಬರುತ್ತವೆ. ಆಗ ಕೋಣೆ ಬಿಟ್ಟು ಹೊರಬರುವುದಿಲ್ಲ. ಉಳಿದ ದಿನ ಗಿರಣಿಯಲ್ಲಿರುತ್ತಾಳೆ. ಅವಳಷ್ಟು ಧೈರ್ಯ ಇರುವವರನ್ನು ನಾನು ಹೆಚ್ಚು ಜನ ನೋಡಿಲ್ಲ.