ಎರಡು ಹೆಸರಿನ ಡಬ್ಬಿ

ನಮ್ಮ ಅಡುಗೆಮನೆಯ ಹಲಗೆಯ ಮೇಲೆ ಅಂಗೈಯಗಲದ ಒಂದು ಸ್ಟೀಲ್ ಡಬ್ಬಿ ಇದೆ. ಮುಚ್ಚಳದ ಅಂಚು ತುಸು ಜಜ್ಜಿಹೋಗಿದೆ. ಒಳಗೆ ಮೂಗಿಟ್ಟರೆ ಬೆಳ್ಳುಳ್ಳಿಯ ವಾಸನೆ ಇನ್ನೂ ಹೋಗಿಲ್ಲ. ಮನೆಗೆ ಬಂದವರು ನೀರು ಕುಡಿಯುತ್ತ ಅದನ್ನು ನೋಡಿ, ಇದರ ಮೇಲೆ ಎರಡು ಹೆಸರು ಯಾಕೆ ಎಂದು ಕೇಳುತ್ತಾರೆ. ಒಂದು ಮುತ್ತು ಪೋಣಿಸಿದಂಥ ಬರಹ, ಇನ್ನೊಂದು ಕುಡಿದವನು ನಡೆದು ಹೋದಂಥ ಸಾಲು. ಅವರಿಗೆ ಚಹಾ ಕುದಿಯುವಷ್ಟರಲ್ಲಿ ಹೇಳಿ ಮುಗಿಸುತ್ತೇನೆ. ನಿಮಗೆ ಸಾವಕಾಶವಾಗಿ ಹೇಳಬಹುದು.

ನಮ್ಮ ಅಬ್ಬಾ ಕೊಟ್ಟೂರಿನ ಪಾತ್ರೆ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತು ಪಾತ್ರೆಗಳಿಗೆ ಹೆಸರು ಹಾಕುವವರು. ಮೊದಲು ಉಳಿ, ಸುತ್ತಿಗೆ. ಈಗ ಗುಂಯ್‌ಗುಡುವ ಮಷಿನ್ನು. ಮೂರನೇ ತರಗತಿಗೆ ಶಾಲೆ ಬಿಟ್ಟ ಅವರಿಗೆ ಓದುವುದಕ್ಕಿಂತ ಬರೆಯುವುದೇ ಸಲೀಸು. ಚೀಟಿಯಲ್ಲಿ ಬರೆದುಕೊಟ್ಟ ಯಾವ ಹೆಸರನ್ನಾದರೂ ಚುಕ್ಕಿ ಚುಕ್ಕಿಯಾಗಿ ಕೊಡದ ಕಂಠಕ್ಕೋ ತಟ್ಟೆಯ ಅಂಚಿಗೋ ಇಳಿಸಿಬಿಡುತ್ತಾರೆ. ನಮ್ಮ ಕಡೆ ಪಾತ್ರೆಯ ಮೇಲಿರುವುದು ಬಹುಮಟ್ಟಿಗೆ ಕೊಟ್ಟವರ ಹೆಸರು, ಇಟ್ಟುಕೊಂಡವರದ್ದಲ್ಲ. ಮದುವೆಗೆ ಬಂದ ಕೊಡ, ತೊಟ್ಟಿಲಿಗೆ ಬಂದ ಬಟ್ಟಲು, ಹೊಸ ಮನೆಗೆ ಬಂದ ಪರಾತ, ಹೀಗೆ ಒಂದು ಮನೆಯ ಪಾತ್ರೆಗಳನ್ನು ಸಾಲಾಗಿ ಓದಿದರೆ ಆ ಮನೆಯವರು ಯಾರ್ಯಾರಿಗೆ ಬೇಕಾದವರು ಎಂಬುದು ತಿಳಿದುಹೋಗುತ್ತದೆ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲ ಜೀವ ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ದಾವಣಗೆರೆಯ ಹಾಸ್ಟೆಲಿನಲ್ಲಿ ನಾಲ್ಕು ಮಂದಿಗೆ ಎರಡು ಮಂಚ ಇದ್ದ ಕೋಣೆಯಲ್ಲಿ ಕೂತು ಗಳಿಸಿದ್ದು ಅದು.

ಕುಡಿಯುವ ನೀರಿನ ಶುದ್ಧೀಕರಣ ಓದಲು ವಿದ್ಯಾರ್ಥಿವೇತನ ಸಿಕ್ಕಿ ಫಿನ್ಲೆಂಡಿಗೆ ಹೊರಟಾಗ ಅಬ್ಬಾ ಈ ಡಬ್ಬಿಯ ಮೇಲೆ ತಮ್ಮ ಹೆಸರು ಹಾಕಿದರು: ಇಮಾಮ್‌ಸಾಬ್, ಕೊಟ್ಟೂರು. ಮನೆಮಾತು ಉರ್ದುವಾದರೂ ಅವರ ಚೇಷ್ಟೆಯೆಲ್ಲ ಅಂಗಡಿಯ ಕನ್ನಡದಲ್ಲೇ.

“ನನ್ನ ಹೆಸ್ರು ಹಾಕಬೇಕಿತ್ತಲ್ಲ ಅಬ್ಬಾ, ಅಲ್ಲೆ ಕಳದ್ರ?”

“ನಿನ್ನ ಹೆಸ್ರು ಸರ್ಟಿಫಿಕೇಟ್ ಮ್ಯಾಲೆ ಬರ್ತೈತಿ ರಜಿಯಾ. ನಂದು ಎಲ್ಲಿ ಬರ್ಬೇಕು?”

ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಸೂರ್ಯ ಅಂಗಡಿ ಮುಚ್ಚುವ ಆ ಊರಿನಲ್ಲಿ ನನಗೆ ಸಿಕ್ಕ ಮನೆಗೆ ಎರಡು ಕೋಣೆ, ಒಂದು ಅಡುಗೆಮನೆ. ಇನ್ನೊಂದು ಕೋಣೆ ಹೆಲ್ಮಿಯದು. ಉತ್ತರದ ಹಳ್ಳಿಯ ಹುಡುಗಿ. ಅವಳ ಅಪ್ಪ ರಸ್ತೆಯ ಹಿಮ ತೆಗೆಯುವ ಗಾಡಿ ಓಡಿಸುವವರು. ಅವರ ಮನೆಯಲ್ಲೂ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಪಾದ ಅಗಲಿಸಿ, ಬಾತುಕೋಳಿಯಂತೆ ಹೆಜ್ಜೆ ಹಾಕಿ ಮಂಜುಗಡ್ಡೆಯ ಮೇಲೆ ನಡೆಯುವುದನ್ನು ನನಗೆ ಕಲಿಸಿದವಳು. ಮಾತು ಕಡಿಮೆ. ಆದರೆ ನಾನು ಜಾರಿ ಬಿದ್ದ ದಿನ ಕೈಹಿಡಿದು ಎಬ್ಬಿಸಿ, ಬಸ್ ನಿಲ್ದಾಣದವರೆಗೂ ಆ ಕೈ ಬಿಟ್ಟಿರಲಿಲ್ಲ. ಆ ದೇಶದಲ್ಲಿ ನನ್ನವರು ಎನ್ನಲು ನನಗಿದ್ದದ್ದು ಅವಳೊಬ್ಬಳೇ.

ಅದಕ್ಕೇ ಒಂದು ಸಂಜೆ, ಅಮ್ಮಿ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯಲ್ಲಿ ಅರ್ಧಪಾಲು ಈ ಡಬ್ಬಿಗೆ ತುಂಬಿ ಅವಳ ಕೈಗಿತ್ತೆ. ಮರುದಿನ ಬೆಳಿಗ್ಗೆ ಡಬ್ಬಿ ನನ್ನ ಬಾಗಿಲ ಹಿಡಿಕೆಗೆ ಚೀಲದಲ್ಲಿ ತೂಗುತ್ತಿತ್ತು. ತೊಳೆದು, ಫಳಫಳ ಹೊಳೆಯುವಂತೆ ಒರೆಸಿ. ಖಾಲಿ.

ನೀವು ನಮ್ಮ ಕಡೆಯವರಾದರೆ ಖಾಲಿ ಡಬ್ಬಿ ಎಂದರೇನೆಂದು ಹೇಳಬೇಕಿಲ್ಲ. ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹರಳು ಬೆಲ್ಲವಾದರೂ ಬೀಳಬೇಕು. ಖಾಲಿ ಬಂದರೆ ಇನ್ನು ಸಾಕು ಎಂದೇ ಅರ್ಥ. ಒಂದೇ ರಾತ್ರಿಯಲ್ಲಿ ಅಷ್ಟು ಪುಡಿ ಯಾರೂ ತಿನ್ನಲಾರರು. ಕಸಕ್ಕೆ ಹೋಯಿತು ಎಂದುಕೊಂಡೆ. ಫೋನಿನಲ್ಲಿ ಅಮ್ಮಿಗೆ ಹೇಳಿದೆ.

“ಖಾಲಿನಾ? ತೊಳದು?”

“ತೊಳದು.”

“ಹಂಗಾರ ಬಿಡು ಬೇಟಾ. ನಿನ್ನ ಪಾಡಿಗೆ ನೀನಿರು.”

ಹದಿನೈದು ದಿನ ನನ್ನ ಪಾಡಿಗೆ ನಾನಿದ್ದೆ. ಅವಳು ಅಡುಗೆಮನೆ ಬಿಟ್ಟ ಸದ್ದು ಕೇಳಿದ ಮೇಲೆಯೇ ಅನ್ನಕ್ಕಿಡುತ್ತಿದ್ದೆ. ಕೊನೆಗೆ ಬೇರೆ ಮನೆ ಬೇಕೆಂದು ಅರ್ಜಿ ತಂದೆ. ಅದಕ್ಕೆ ಜೊತೆಗಿರುವವರ ಸಹಿ ಬೇಕಿತ್ತು. ಒಂದು ಭಾನುವಾರ ಮಧ್ಯಾಹ್ನ ಅರ್ಜಿ ಹಿಡಿದು ಅಡುಗೆಮನೆಗೆ ಹೋದರೆ, ಹೆಲ್ಮಿ ಕರಿಯ ಬ್ರೆಡ್ಡಿಗೆ ಬೆಣ್ಣೆ ಬಳಿದು ಅದರ ಮೇಲೆ ಕೆಂಪಗೆ ಏನನ್ನೋ ಉದುರಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಗಾಜಿನ ಭರಣಿ. ಅದಕ್ಕೆ ಅಂಟಿಸಿದ ಕಾಗದದ ಪಟ್ಟಿಯ ಮೇಲೆ ದಪ್ಪಕ್ಷರದಲ್ಲಿ ನನ್ನ ಹೆಸರು.

“ಅದರ ಮೇಲೆ ನನ್ನ ಹೆಸರು ಯಾಕೆ?” ಎಂದೆ ನಾನು.

“ಕೊಟ್ಟವಳು ನೀನಲ್ಲವಾ?” ಅವಳು ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಆಮೇಲೆ ಕೇಳಿದಳು, “ಡಬ್ಬಿಗೆ ಗೀರು ಬಿದ್ದಿತ್ತಾ?”

“ಯಾವ ಗೀರು?”

“ಅದರ ಮೇಲೆ ಹೆಸರು ಕೊರೆದಿತ್ತು. ಮನೆತನದ ವಸ್ತು ಇರಬೇಕು, ನನ್ನ ಕೈಯಲ್ಲಿ ಹಾಳಾಗಬಾರದು ಅಂತ ಅಂದೇ ಪುಡಿಯನ್ನು ಇದಕ್ಕೆ ಸುರಿದು, ಎರಡು ಸಲ ಒರೆಸಿ ತಂದಿಟ್ಟೆ. ಆಮೇಲೆ ನೀನು ಮಾತು ಬಿಟ್ಟೆ.”

ನಾನು ಕುರ್ಚಿ ಎಳೆದು ಕೂತೆ. ನಮ್ಮ ಓಣಿ, ಬೆಲ್ಲದ ಹರಳು, ಖಾಲಿ ಪಾತ್ರೆ ಎಲ್ಲವನ್ನೂ ಹೇಳಿದೆ. ಅವಳು ಕೊನೆಯವರೆಗೂ ಕೇಳಿ, ಎದ್ದು ಹೋಗಿ ನನ್ನ ಕೋಣೆಯಿಂದ ಡಬ್ಬಿ ತಂದು, ಅದರೊಳಗೆ ಮೂರು ಸಕ್ಕರೆ ತುಂಡು ಹಾಕಿದಳು.

“ಸಾಕಾ?”

“ಸಾಕು.”

“ಸಹಿ ಮಾತ್ರ ಈ ಭರಣಿ ಮುಗಿಯುವವರೆಗೆ ಹಾಕುವುದಿಲ್ಲ. ಮುಗಿದ ಮೇಲೆ ಇನ್ನೊಮ್ಮೆ ತುಂಬಿಸುವವರು ಯಾರು?”

ಆ ಅರ್ಜಿಯ ಮೇಲೆ ಮರುವಾರ ಕರಿದ ಮಿರ್ಚಿ ಭಜಿಯ ಎಣ್ಣೆ ಬಸಿದೆವು.

ಈಗ ಕೂತು ಯೋಚಿಸುತ್ತೇನೆ. ಪರದೇಶದಲ್ಲಿ ಭಾಷೆ, ಬಣ್ಣ, ಚಳಿ ಇವೇ ದೂರ ಮಾಡುತ್ತವೆಂದು ಹೊರಡುವ ಮುಂಚೆ ಎಲ್ಲರೂ ಹೆದರಿಸಿದ್ದರು. ಅವನ್ನೆಲ್ಲ ನಾನು ಸುಲಭವಾಗಿ ದಾಟಿದೆ. ಎಡವಿದ್ದು ಯಾರೂ ಎಲ್ಲೂ ಬರೆದಿಡದ ಅಡುಗೆಮನೆಯ ಕಾಯಿದೆಗೆ. ಊರಿನಲ್ಲಿ ಗೆಳತಿಯರಿಗೆ ನಾನು ಏನನ್ನೂ ವಿವರಿಸಿದವಳಲ್ಲ. ಒಂದೇ ಓಣಿಯ ನೀರು ಕುಡಿದವರಿಗೆ ವಿವರಣೆ ಯಾತಕ್ಕೆ? ಅಲ್ಲಿ ಮಾತ್ರ ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳಬೇಕಾಯಿತು, ಹೇಳುವಾಗ ನನ್ನ ಓಣಿಯೇ ನನಗೆ ಇನ್ನಷ್ಟು ತಿಳಿಯಿತು. ನಾನು ಅವಳನ್ನು ನನ್ನ ಊರಿನ ಪಂಚಾಯಿತಿಯಲ್ಲಿ ನಿಲ್ಲಿಸಿ ತೀರ್ಪು ಕೊಟ್ಟಿದ್ದೆ. ಅವಳೋ ನನ್ನ ಅಪ್ಪನ ಹೆಸರನ್ನು ಎರಡು ಸಲ ಒರೆಸಿದ್ದಳು.

ಓದು ಮುಗಿಸಿ ಬರುವಾಗ ಡಬ್ಬಿಯನ್ನು ತುಂಬಿ ಅವಳಿಗೇ ಬಿಟ್ಟು ಬಂದೆ. ಮೊನ್ನೆ ಬೇಸಿಗೆಯಲ್ಲಿ ಅದು ಪಾರ್ಸೆಲಿನಲ್ಲಿ ತಿರುಗಿ ಬಂತು. ಒಳಗೆ ಅವರ ಕಾಡಿನ ಒಣಹಣ್ಣು. ಹೊರಗೆ ಅಬ್ಬಾನ ಹೆಸರಿನ ಕೆಳಗೆ, ನಾನು ಕಲಿಸಿದ್ದ ಕನ್ನಡದಲ್ಲಿ, ‘ಹೆಲ್ಮಿ’. ಅಂಗಡಿಗೆ ಒಯ್ದು ಅಬ್ಬಾನಿಗೆ ತೋರಿಸಿದೆ. ಅವರು ಮಷಿನ್ನು ನಿಲ್ಲಿಸಿ, ಡಬ್ಬಿಯನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಚುಕ್ಕಿಗಳನ್ನು ಒಂದೊಂದಾಗಿ ಸವರಿದರು.

“ಯಾತರಾಗ ಹಾಕ್ಯಾಳ ಇದನ್ನ?”

“ಮೊಳಿ, ಸುತ್ತಿಗಿ.”

“ಸಾಲು ಸೊಟ್ಟ ಐತಿ. ಮೊದಲನೇ ಅಕ್ಷರ ಬಿದ್ದು ಎದ್ದಂಗೈತಿ.”

“ಹಂಗಾರ ನೀವು ತಿದ್ದಿ ಕೊಡ್ರಿ.”

ಅಬ್ಬಾ ಡಬ್ಬಿಯನ್ನು ಅಂಗಿಯ ತುದಿಯಿಂದ ಒರೆಸಿದರು. ಒಂದು ಸಲ, ಇನ್ನೊಂದು ಸಲ.

“ಕೊಟ್ಟವ್ರ ಹೆಸ್ರು ನಾವು ತಿದ್ದಬಾರ್ದು. ಚುಕ್ಕಿ ಆಳ ಅದಾವು. ಮನಿಗೆ ಒಯ್ದು ಅಮ್ಮಿಗೆ ಶೇಂಗಾ ಹುರಿಯಾಕ ಹೇಳು.”