ಬನಾನಾನಾ ಎಂಬ ವಿಳಾಸ

ಕಲಬುರಗಿಯ ನೆಹರು ಗಂಜ್‌ನಲ್ಲಿ ಬೇಳೆಯ ಅಂಗಡಿಯೊಂದರ ಮೇಲಿನ ಕೋಣೆಯೇ ನಮ್ಮ ಆಫೀಸು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮ ಭಾಗದ ಬೆಳೆಗಳ ಕುರಿತು ಒಂದು ವೆಬ್‌ಸೈಟ್ ನಡೆಸುತ್ತಿದ್ದೆವು. ತೊಗರಿ, ಜೋಳ, ಬಾಳೆ, ರೋಗ, ಧಾರಣೆ ಎನ್ನುತ್ತ ಪುಟಗಳು ಸಾವಿರಾರಾಗಿ, ಹಳೆಯ ಸರ್ವರ್ ತಾಳದೆ, ಎಲ್ಲವನ್ನೂ ಹೊಸದಕ್ಕೆ ಸಾಗಿಸಿದೆವು. ಪ್ರತಿ ಪುಟದ ವಿಳಾಸವೂ ಬದಲಾಯಿತು. ಹಳೆಯ ವಿಳಾಸ ಹಿಡಿದು ಬಂದವರನ್ನು ಹೊಸ ಪುಟಕ್ಕೆ ಮುಟ್ಟಿಸುವ ಕೆಲಸ, ಅಂದರೆ ರೀಡೈರೆಕ್ಟ್, ನನ್ನ ಪಾಲಿಗೆ ಬಂತು.

ಒಂದೊಂದೇ ವಿಳಾಸ ಜೋಡಿಸುತ್ತ ಹೋದೆ. ಯಾವ ಪುಟವೂ ಸಿಗದೆ ವಾಪಸಾದವರ ವಿಳಾಸಗಳನ್ನು ದಿನಾ ನೋಡುತ್ತಿದ್ದೆ. ಅಲ್ಲೊಂದು ವಿಚಿತ್ರ ಕಂಡಿತು. ಕೆಂಪು ಬಾಳೆಯ ಹಳೆಯ ಪುಟದ ವಿಳಾಸದಲ್ಲಿ ‘ಬನಾನಾ’ ಎಂಬ ಇಂಗ್ಲಿಷ್ ಪದವಿತ್ತು. ಯಾರೋ ಅದನ್ನು ‘ಬನಾನಾನಾ’ ಎಂದು ಟೈಪ್ ಮಾಡುತ್ತಿದ್ದರು. ಒಬ್ಬರಲ್ಲ, ಬೇರೆ ಬೇರೆ ಕಂಪ್ಯೂಟರ್‌ಗಳಿಂದ. ಅಂಥ ವಿಳಾಸ ನಮ್ಮಲ್ಲಿ ಯಾವತ್ತೂ ಇರಲಿಲ್ಲ.

ಪಕ್ಕದಲ್ಲಿ ಕೂಡುತ್ತಿದ್ದ ಹಿರಿಯ ಸಹೋದ್ಯೋಗಿಗೆ ತೋರಿಸಿದೆ. ಮನೆಯಲ್ಲಿ ಮರಾಠಿ, ಆಫೀಸಿನಲ್ಲಿ ಕನ್ನಡ ಆಡುವ ಶಾಂತ ಹೆಂಗಸು. ಕನ್ನಡಕ ಏರಿಸಿ ನೋಡಿ, “ಎಲ್ಲಾರೂ ಒಂದೇ ತಪ್ಪು ಮಾಡ್ಯಾರಂದ್ರ ಎಲ್ಲೋ ಒಂದೇ ಕಡೆ ಬರದದ್ದು ನೋಡ್ಯಾರವ್ವಾ” ಎಂದರು.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಕೆಂಪು ಬಾಳೆ ಎಂದರೆ ಕಮಲಾಪುರ. ರಜೆಯ ದಿನ ಹುಮನಾಬಾದಿನ ಬಸ್ಸು ಹತ್ತಿದೆ. ಮಹಾಗಾಂವ ದಾಟಿ, ಕಮಲಾಪುರದಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕಂಡಿತು. ಬಾಳೆಹಣ್ಣಿನ ಅಂಗಡಿಯೊಂದರ ಗೋಡೆಯ ಮೇಲೆ ನಮ್ಮ ಸೈಟಿನ ವಿಳಾಸ, ದಪ್ಪ ನೀಲಿ ಇಂಗ್ಲಿಷ್ ಅಕ್ಷರಗಳಲ್ಲಿ. ಕೊನೆಗೆ ಹೆಚ್ಚಿನದೊಂದು ‘ನಾ’.

ಅಂಗಡಿಯಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದರು. ನಾನು ಯಾರೆಂದು ತಿಳಿದ ಮೇಲೆ ಗಂಡ ಸ್ಟೂಲು ಕೊಟ್ಟು ಕೂರಿಸಿದರು. ಬಸ್ಸಿನಿಂದ ಇಳಿದವರೆಲ್ಲ ಹಣ್ಣು ಯಾಕೆ ಕೆಂಪಗಿದೆ, ಬಣ್ಣ ಹಚ್ಚಿದ್ದೀರಾ ಎಂದು ಕೇಳುತ್ತಿದ್ದರಂತೆ. ಉತ್ತರ ಕೊಟ್ಟು ಸಾಕಾಗಿತ್ತು. ಕಲಬುರಗಿಯ ಕಂಪ್ಯೂಟರ್ ಸೆಂಟರಿನಲ್ಲಿ ಯಾರೋ ನಮ್ಮ ಪುಟ ತೋರಿಸಿದಾಗ, ಇನ್ನು ಮೇಲೆ ಕೇಳುವವರು ಅಲ್ಲೇ ಓದಿಕೊಳ್ಳಲಿ ಎಂದು ಗೋಡೆಗೆ ಬರೆಸಿದ್ದರು. ಪೇಂಟರ್ ಒಂದು ‘ನಾ’ ಹೆಚ್ಚು ಬರೆದದ್ದು ಯಾರಿಗೂ ಗೊತ್ತಾಗಿರಲಿಲ್ಲ.

ಹೆಚ್ಚಿನದನ್ನು ಅಳಿಸಿದರೆ ಸಾಕೆಂದೆ. ಹೆಂಡತಿ ಒಪ್ಪಲಿಲ್ಲ.

“ಅಳಿಸಿದ್ರ ಗ್ವಾಡಿ ಹೊಲಸ ಕಾಣ್ತದರೀ. ಅದೂ ಅಲ್ದ ಬಸ್‌ನ್ಯಾಗ ಬರ್ಕೊಂಡು ಹೋದೋರ್ದು ಹೆಂಗ ಅಳಸ್ತೀರಿ?”

ಅದು ಸರಿಯೇ. ನಗುತ್ತಲೇ ಹಿಂತಿರುಗಿದೆ. ಮರುದಿನ ಆಫೀಸಿನಲ್ಲಿ, ಎಂದೂ ಇಲ್ಲದ ಆ ವಿಳಾಸಕ್ಕೂ ಒಂದು ದಾರಿ ಮಾಡಿದೆ. ಇಲ್ಲದ ಪುಟಕ್ಕೆ ಯಾಕೆ ರೀಡೈರೆಕ್ಟ್ ಎಂದು ನಮ್ಮ ಮ್ಯಾನೇಜರು ಕೇಳಿದರು. ಗೋಡೆಯ ಕತೆ ಹೇಳಿದೆ. ಇರಲಿ ಬಿಡಿ ಎಂದರು.

ಆಮೇಲೆ ಕಮಲಾಪುರದ ಸಂತೆಯ ಮರುದಿನ, ಆ ವಿಳಾಸ ಹಿಡಿದು ಎಷ್ಟು ಜನ ಬಂದರೆಂದು ತಪ್ಪದೆ ನೋಡುತ್ತಿದ್ದೆ. ಬೀದರ್ ಕಡೆಯವರೋ, ಸೊಲ್ಲಾಪುರದವರೋ, ತಿಳಿಯುತ್ತಿರಲಿಲ್ಲ. ಆದರೆ ಬಂದವರು ಈಗ ಪುಟ ಓದಿಯೇ ಹೋಗುತ್ತಿದ್ದರು.

ಕೆಲವು ತಿಂಗಳ ನಂತರ ಅಂಗಡಿಯಾಕೆ ಆಫೀಸಿಗೆ ಫೋನ್ ಮಾಡಿದರು. ಪುಟ ಓದಿದವರೊಬ್ಬರು ಅಂಗಡಿ ಹುಡುಕಿಕೊಂಡು ಬಂದಿದ್ದರಂತೆ. ಹಣ್ಣು ತಗೊಂಡರಾ ಎಂದೆ.

“ತಗೊಂಡ್ರರೀ. ಆದ್ರ ಓದಿ ಬಂದೋರು ಈಗ ಮೊದಲಿಗಿಂತ ಜಾಸ್ತಿ ಪ್ರಶ್ನಿ ಕೇಳಾಕತ್ತಾರ” ಎಂದರು.