ದೇವರ ಹಿಂದಿಟ್ಟ ವೈರು

ಅಮೆರಿಕಾಕ್ಕೆ ಹೋದ ಮೇಲೆ ನನ್ನ ದೈವಭಕ್ತಿ ಹೆಚ್ಚಾಯಿತೆಂದು ನನ್ನ ಹೆಂಡತಿ ಇಂದಿಗೂ ನಂಬಿದ್ದಾಳೆ. ಮೈಸೂರಿನಲ್ಲಿ ದೇವರ ಮನೆಯ ಬಾಗಿಲಲ್ಲೇ ನಿಂತು ಒಂದು ನಮಸ್ಕಾರ ಒಗೆದು ಆಫೀಸಿಗೆ ಓಡುತ್ತಿದ್ದವನು, ಲಾಸ್ ಏಂಜಲೀಸಿನ ಪಕ್ಕದ ವಾಲ್‌ನಟ್ ಎಂಬ ಊರಿನಲ್ಲಿ ನಾದಿನಿಯ ಮನೆಯ ದೇವರ ಕಪಾಟಿನ ಮುಂದೆ ಹೊತ್ತುಹೊತ್ತಿಗೂ ಕೈಮುಗಿದು ನಿಲ್ಲುತ್ತಿದ್ದೆ. ನಿಜ ಹೇಳಬೇಕೆಂದರೆ ನಾನು ನೋಡುತ್ತಿದ್ದುದು ಗಣಪತಿಯನ್ನಲ್ಲ. ಅವನ ಬೆನ್ನ ಹಿಂದೆ, ಊದುಬತ್ತಿಯ ಪೊಟ್ಟಣಗಳ ಪಕ್ಕದಲ್ಲಿ, ಹಾವಿನಂತೆ ಸುರುಳಿ ಸುತ್ತಿ ಮಲಗಿದ್ದ ಇಂಟರ್‌ನೆಟ್ಟಿನ ವೈರನ್ನು.

ಅದನ್ನು ಕಂಪ್ಯೂಟರಿನಿಂದ ಕಿತ್ತು ಅಲ್ಲಿಟ್ಟವಳು ನಾದಿನಿ ಗೀತಾ. ಇಡಿಸಿದವಳು ನನ್ನ ಮಗಳು ಸಿಂಧು. ಆ ವರ್ಷ ಅವಳು ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದಳು. ಚಿಕ್ಕಂದಿನಿಂದ ಡಾಕ್ಟರಾಗುತ್ತೇನೆ ಎನ್ನುತ್ತಿದ್ದ ಹುಡುಗಿ, ಹಾಲಿನವನು ಬರುವ ಮೊದಲೇ ಟ್ಯೂಷನ್ನಿಗೆ ಹೊರಟುಬಿಡುತ್ತಿದ್ದಳು. ರ‍್ಯಾಂಕು ಇಂಟರ್‌ನೆಟ್ಟಿನಲ್ಲಿ ಬರುವ ಹೊತ್ತಿಗೆ ನಾವು ಅಮೆರಿಕಾದಲ್ಲಿರುತ್ತೇವೆಂದು ತಿಳಿದಾಗ ನಾನು ಪ್ರವಾಸವನ್ನೇ ಮುಂದೂಡೋಣವೆಂದೆ. ಸಿಂಧು ಬೇರೆಯೇ ಷರತ್ತು ಹಾಕಿದಳು. ಊರಿಗೆ ಮರಳುವ ತನಕ ಯಾರೂ ಇಂಟರ್‌ನೆಟ್ ಮುಟ್ಟಕೂಡದು, ಊರಿಗೆ ಫೋನ್ ಮಾಡಿ ವಿಚಾರಿಸಲೂ ಕೂಡದು.

“ನೋಡೋ ತನಕ ನಾನು ಡಾಕ್ಟರ್ ಆಗ್ಬೋದು ಅಪ್ಪ. ನೋಡಿದ್ಮೇಲೆ ಆಗ್ತೀನಿ ಅಥವಾ ಇಲ್ಲ, ಅಷ್ಟೇ. ರಜಾ ಮುಗಿಯೋವರ್ಗೂ ‘ಆಗ್ಬೋದು’ ಅಂತ್ಲೇ ಇದ್ಬಿಡ್ತೀನಿ.”

ನಾನು ಒಪ್ಪಿದೆ. ಗೀತಾ ಮಾತ್ರ, “ಭಾವ, ನಿಮ್ಮ ಮಾತಿನ್ ಮೇಲೆ ನಂಬ್ಕೆ ಇದೆ, ನಿಮ್ಮ ಕೈ ಮೇಲಿಲ್ಲ” ಎಂದು ವೈರು ಕಿತ್ತಳು.

ಗೀತಾಳ ಅನುಮಾನ ತಪ್ಪಲ್ಲ. ಬೀಗ ಹಾಕಿದ ಮೇಲೆ ಬೀಗ ಎಳೆದು ನೋಡಿ, ಬೀದಿಯ ತಿರುವಿನಿಂದ ಹಿಂತಿರುಗಿ ಬಂದು ಮತ್ತೆ ಎಳೆದು ನೋಡುವ ಜಾತಿಯವನು ನಾನು. ಸಿಂಧು ತನ್ನ ಹಾಲ್ ಟಿಕೆಟನ್ನು ಮೈಸೂರಿನಲ್ಲೇ ಬಿಟ್ಟು ಬಂದಿದ್ದಳು. ಆದರೆ ಅದರ ನಂಬರು ನನಗೆ ಗಾಯತ್ರಿ ಮಂತ್ರಕ್ಕಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು.

ಉಪವಾಸವೆಂದರೆ ಊಟ ಬಿಡುವುದಲ್ಲ, ಹತ್ತಿರ ವಾಸಿಸುವುದು, ಅಂದರೆ ದೇವರ ಹತ್ತಿರ, ಎಂದು ತಿಳಿದವರು ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಏಕಾದಶಿ ಮಾಡುವವರು ದೇವರಿಗಿಂತ ಅವಲಕ್ಕಿ ಡಬ್ಬಿಯ ಹತ್ತಿರವೇ ಹೆಚ್ಚು ಸುಳಿದಾಡುವುದನ್ನು ನೋಡಿದ್ದೇನೆ. ನನ್ನ ಇಂಟರ್‌ನೆಟ್ ಉಪವಾಸವೂ ಅಂಥದ್ದೇ. ಊರಿನಲ್ಲಿ ವಾರಕ್ಕೊಮ್ಮೆ ಸೈಬರ್ ಕೆಫೆಗೆ ಹೋದರೆ ಹೆಚ್ಚು. ಬಿಟ್ಟ ಮೇಲೆ ಎಲ್ಲೆಲ್ಲೂ ಅದೇ ಕಾಣತೊಡಗಿತು. ಸಿನಿಮಾ ಸ್ಟುಡಿಯೊ ತೋರಿಸಿದರೆ ಟಿಕೆಟ್ ಕೊಡುವವಳ ಕಂಪ್ಯೂಟರ್ ನೋಡುತ್ತಿದ್ದೆ. ಕಾರಿನ ಹಿಂದಿನ ಸೀಟಿನಲ್ಲಿ ಗೀತಾಳ ಮಗಳು ನನ್ನತ್ತ ತಿರುಗಿ, “ದೊಡ್ಡಪ್ಪ, ಯು ಆರ್ ಬ್ರೀದಿಂಗ್ ಟೂ ಲೌಡ್” ಎಂದಳು.

ನಮ್ಮ ದೇಶದವರ ಅಂಗಡಿಗಳೇ ತುಂಬಿರುವ ಆರ್ಟೀಸಿಯಾದ ಸಿಹಿ ಅಂಗಡಿಯಲ್ಲಿ ಇನ್ನೊಂದು ಪರೀಕ್ಷೆ. ಕನ್ನಡ ಕೇಳಿಸಿಕೊಂಡ ಹಿರಿಯರೊಬ್ಬರು ನಮ್ಮ ಹೆಸರನ್ನೂ ಕೇಳದೆ ಸಿಂಧುವಿಗೆ ನೇರವಾಗಿ, “ಏನಮ್ಮ, ಪಿಯುಸಿ ಆಯ್ತಾ? ರ‍್ಯಾಂಕ್ ಎಷ್ಟು ಬಂತು?” ಎಂದರು. ಸಾವಿರಾರು ಮೈಲಿ ಸಮುದ್ರ ದಾಟಿ ಬಂದರೂ ಈ ಪ್ರಶ್ನೆಗೆ ವೀಸಾ ಬೇಕಾಗಿರಲಿಲ್ಲ. ಸಿಂಧು, “ಇನ್ನೂ ಬಂದಿಲ್ಲ ಅಂಕಲ್” ಎಂದು ಬರ್ಫಿ ಬಾಯಿಗೆ ಹಾಕಿಕೊಂಡಳು. ಬೆವರಿದವನು ನಾನು.

ಕೊನೆಗೆ ಸ್ಯಾನ್ ಡಿಯಾಗೊಗೆ ಹೋದೆವು. ಸಮುದ್ರದ ಹತ್ತಿರದ ಹೋಟೆಲು. ಬೆಳಿಗ್ಗೆ ಹೆಂಡತಿಯ ಡಿಕಾಕ್ಷನ್ನಿಗೆ ಬಿಸಿನೀರು ತರಲು ಫ್ಲಾಸ್ಕ್ ಹಿಡಿದು ಕೆಳಗಿಳಿದೆ. ಅತಿಥಿಗಳು ಬಳಸಲೆಂದು ಒಂದು ಕಂಪ್ಯೂಟರನ್ನು, ಬಾಳೆಹಣ್ಣಿನ ಬುಟ್ಟಿಯ ಪಕ್ಕದಲ್ಲೇ, ತೆರೆದಿಟ್ಟಿದ್ದರು. ಸುತ್ತ ಒಬ್ಬ ದೇವರೂ ಕಾವಲಿರಲಿಲ್ಲ. ಬಾಯಿಪಾಠದ ನಂಬರನ್ನು ಬೆರಳುಗಳೇ ಒತ್ತಿದವು. ರ‍್ಯಾಂಕು ಬಂತು. ಅಂಕಿ ಉದ್ದವಾಗಿತ್ತು. ಸಂಬಳದಲ್ಲಿ ಉದ್ದದ ಅಂಕಿ ಒಳ್ಳೆಯದು, ರ‍್ಯಾಂಕಿನಲ್ಲಲ್ಲ. ಮೆಡಿಕಲ್ ಸೀಟು ಆ ಅಂಕಿಯ ಕಣ್ಣಿಗೂ ಕಾಣುವಷ್ಟು ಹತ್ತಿರದಲ್ಲಿರಲಿಲ್ಲ.

ಮೇಲೆ ಹೋದೆ. “ಬಿಸಿನೀರೆಲ್ರೀ?” ಎಂದಳು ಹೆಂಡತಿ. ಫ್ಲಾಸ್ಕ್ ಖಾಲಿಯಾಗಿಯೇ ಬಂದಿತ್ತು.

ನಮ್ಮ ಕಾಲದಲ್ಲಿ ರಿಸಲ್ಟು ಪೇಪರಿನಲ್ಲಿ ಬರುತ್ತಿತ್ತು. ನಾವು ನೋಡುವ ಮೊದಲೇ ಇಡೀ ಬೀದಿ ನೋಡಿ, ಬೈಯುವವರು ಬೈದು, ಸಮಾಧಾನ ಹೇಳುವವರು ಹೇಳಿ ಮುಗಿಸಿರುತ್ತಿದ್ದರು. ಹೊರೆ ಹಂಚಿಹೋಗುತ್ತಿತ್ತು. ಒಬ್ಬನೇ ನೋಡಿ ಒಬ್ಬನೇ ನುಂಗಿಕೊಳ್ಳುವ ಈ ಹೊಸ ವ್ಯವಸ್ಥೆ ನನಗೆ ಅಭ್ಯಾಸವಿರಲಿಲ್ಲ. ಇಷ್ಟು ದಿನ ಗೊತ್ತಿಲ್ಲವೆಂದು ಚಡಪಡಿಸಿದ್ದೆ. ಅದಕ್ಕೆ ಮುಖ ಹೇಗಿದ್ದರೂ ನಡೆಯುತ್ತಿತ್ತು. ಗೊತ್ತಾದ ಮೇಲಿನ ಚಡಪಡಿಕೆಗೆ ನಗುಮುಖ ಬೇಕಿತ್ತು.

ಮೋಡ ಕವಿದ ಆ ಬೆಳಿಗ್ಗೆ ಎಲ್ಲರೂ ಸಮುದ್ರಕ್ಕೆ ಹೋದೆವು. ಸಿಂಧು ಚಪ್ಪಲಿ ಕಳಚಿ, “ನೀರಿಗಿಳೀತೀನಿ ಅಪ್ಪ” ಎಂದಳು. “ಹೋಗು ಪುಟ್ಟ, ಎಂಜಾಯ್ ಮಾಡು” ಎಂದೆ.

ನಾಲ್ಕು ಹೆಜ್ಜೆ ಹೋದವಳು ನಿಂತಳು. ಹಿಂದಕ್ಕೆ ಬಂದು ನನ್ನನ್ನೇ ನೋಡಿದಳು.

“ನೋಡ್ಬಿಟ್ಯಲ್ಲಾ?”

“ಏನನ್ನ?”

“ಸಮುದ್ರಕ್ಕೆ ಇಳೀತೀನಿ ಅಂದ್ರೆ ಅಲೆ ಅನ್ಲಿಲ್ಲ, ಶೀತ ಅನ್ಲಿಲ್ಲ, ಟಿವೀಲಿ ಯಾರೋ ಮುಳುಗಿದ್ರು ಅನ್ಲಿಲ್ಲ. ಎಂಜಾಯ್ ಮಾಡು ಅಂದೆ. ಹುಟ್ಟಿದಾಗಿಂದ ಯಾವತ್ತಾದ್ರೂ ಅಂದಿದ್ಯಾ?”

ಸುಳ್ಳು ಹೇಳಲು ಹೊರಟೆ. ಬದಲಿಗೆ ಕಾಲಿನ ಮರಳು ಕೊಡವತೊಡಗಿದೆ.

“ಒಳ್ಳೇದಾಗಿದ್ರೆ ಹೋಟ್ಲನ್ನೆಲ್ಲಾ ಎಬ್ಬಿಸ್ತಿದ್ದೆ,” ಎಂದಳು. ಸಮುದ್ರದ ಕಡೆ ತಿರುಗಿದಳು. ಮೂಗು ಒರೆಸಿಕೊಂಡಳು. “ಅಮ್ಮಂಗೆ ಹೇಳಿದ್ಯಾ?”

“ಇಲ್ಲ.”

“ಹೇಳ್ಬೇಡ. ನಂಗೂ ನಂಬರ್ ಹೇಳ್ಬೇಡ. ಹೇಳಿದ್ರೆ ಅದು ನಂದಾಗುತ್ತೆ. ಊರು ಸೇರೋವರ್ಗೂ ನಿನ್ ಹತ್ರಾನೇ ಇಟ್ಕೊಂಡಿರು.”

ಹೀಗೆಂದು ಅವಳು ನೀರಿಗಿಳಿದಳು. ಮೊದಲ ಅಲೆಗೆ ಕಿರುಚಿದಳು, ಎರಡನೆಯದಕ್ಕೆ ನಕ್ಕಳು. ಜೀವಮಾನವಿಡೀ ಯಾರೂ ಕೇಳದೆಯೇ ಎಲ್ಲರ ಚಿಂತೆಯನ್ನೂ ತಲೆಯ ಮೇಲೆ ಹೊತ್ತು ತಿರುಗಿ, ಎಲ್ಲರಿಂದಲೂ ಬೈಸಿಕೊಂಡವನು ನಾನು. ನಂಬಿ ಕೈಗೆ ಕೊಟ್ಟ ಚಿಂತೆ ಇದೇ ಮೊದಲನೆಯದು. ಅದನ್ನು ಹೇಗೆ ಹಿಡಿದುಕೊಳ್ಳಬೇಕೆಂದೇ ತಿಳಿಯದೆ ಅವಳ ಚಪ್ಪಲಿ ಎತ್ತಿಕೊಂಡು ನಿಂತೆ.

ಆಗಲೇ ಗೀತಾಳ ಗಂಡ ದೂರದಿಂದ ಕ್ಯಾಮೆರಾ ಎತ್ತಿ, “ಸ್ಮೈಲ್ ಮಾಡಿ!” ಎಂದು ಕೂಗಿದರು. ಮಾಡಿದೆ. ಆ ಫೋಟೊ ಈಗ ನಮ್ಮ ಹಾಲಿನ ಗೋಡೆಯ ಮೇಲಿದೆ. ಮನೆಗೆ ಬಂದವರೆಲ್ಲ ಅದನ್ನು ನೋಡಿ, “ಯಾವ ಯೋಚನೇನೂ ಇಲ್ದೆ ಎಷ್ಟು ಹಾಯಾಗಿದೀರಿ ಸಾರ್, ರಜಾ ಅಂದ್ರೆ ಹೀಗಿರ್ಬೇಕು” ಎನ್ನುತ್ತಾರೆ.